ಉಣುಗೋಲಿನ ಹತ್ತಿರ ಬಂದ ಮಾತು

ಅವತ್ತು ಮಂಡಿಗೆ ಬಂದ ಹಿರಿಯರು ಒಂದೂವರೆ ಗಂಟೆ ಕೂತಿದ್ದರು. ಅಷ್ಟು ಹೊತ್ತಿನಲ್ಲಿ ದುಡ್ಡು ಅನ್ನುವ ಶಬ್ದ ಯಾರ ಬಾಯಿಂದಲೂ ಬರಲಿಲ್ಲ. ಅವರು ಬಂದದ್ದು ದುಡ್ಡಿಗೇ.

ನಾನಾಗ ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಗಸ್ಟ್ ತಿಂಗಳು. ಅಡಿಕೆ ಬೆಳೆಗಾರನ ಕೈ ಬರಿದಾಗುವ ಕಾಲ ಅದು. ಹಳೇ ಅಡಿಕೆ ಮಾರಿ ಮುಗಿದಿರುತ್ತದೆ, ಹೊಸ ಕೊನೆ ಇನ್ನೂ ಮರದ ಮೇಲೇ ಇರುತ್ತದೆ. ಔಷಧಿ ಹೊಡೆಸಿದ ಕೂಲಿ, ಮಕ್ಕಳ ಫೀಸು, ಸೋರುವ ಮಾಡಿನ ರಿಪೇರಿ ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ಬರುವ ಬೆಳೆಯನ್ನು ನೆಚ್ಚಿಕೊಂಡು ಮಂಡಿಯಲ್ಲಿ ಮುಂಗಡ ತರುವುದು ನಮ್ಮ ಕಡೆ ಹಳೆಯ ರೂಢಿ. ಅವರ ಮಾತು ನನಗೆ ಇಂದಿಗೂ ಹೆಚ್ಚುಕಮ್ಮಿ ಹಾಗೆ ಹಾಗೇ ನೆನಪಿದೆ. ಶುರುವಾದದ್ದು ರಾಶಿ ಅನ್ನುವ ಕೆಂಪಡಿಕೆಯ ದರದಿಂದ.

"ರಾಶಿ ಹೆಂಗಿದೆ ಇವತ್ತು?"

"ಏನೋ ಇದೆ ಗೌಡ್ರೆ. ಟೆಂಡರಿಗೆ ಜನವೇ ಇಲ್ಲ."

"ನಮ್ಮ ಕಡೆ ಮಳೆ ಬಿಟ್ಟೇ ಇಲ್ಲ."

"ಎಲ್ಲಾ ಕಡೆ ಅಷ್ಟೇ. ನಮ್ದೂ ಲಾರಿ ಹೋಗಿ ತಿಂಗಳಾಯ್ತು, ಪೇಮೆಂಟ್ ಬಂದಿಲ್ಲ."

"ಹುಡುಗಿದು ಈಗ ಕಡೇ ವರ್ಷ. ಮಂಗಳೂರಲ್ಲಿ."

"ಒಳ್ಳೇದಾಯ್ತು, ಓದ್ಲಿ. ಕಾಫಿ ತಗಳಿ."

ಬರೀ ಲೋಕಾಭಿರಾಮ ಅಂದುಕೊಳ್ಳಬೇಕು, ಹಾಗಿದೆ. ಆದರೆ ಲೆಕ್ಕದ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಕೂತಿದ್ದ ನನಗೆ ಬೆನ್ನು ಬಿಗಿಯಾಗಿತ್ತು. "ಪೇಮೆಂಟ್ ಬಂದಿಲ್ಲ" ಅಂದಾಗ ಮಂಡಿಯ ಸಾಹುಕಾರರು ಬಾಗಿಲು ಹಾಕಿದರು. "ಕಡೇ ವರ್ಷ" ಅಂದಾಗ ಗೌಡರು ಆ ಬಾಗಿಲ ಸಂದಿಗೆ ಕಾಲಿಟ್ಟರು. "ಕಾಫಿ ತಗಳಿ" ಅನ್ನುವುದು ಇನ್ನೂ ಸೂಕ್ಷ್ಮ. ಸಾಹುಕಾರರಿಗೆ ದುಡ್ಡು ಬಿಡಲು ಮನಸ್ಸಿಲ್ಲ, ಗೌಡರನ್ನು ಬಿಡಲೂ ಮನಸ್ಸಿಲ್ಲ. ಈ ಮನುಷ್ಯ ಬೇಜಾರು ಮಾಡಿಕೊಂಡು ಎದ್ದರೆ ಸುಗ್ಗಿಯಲ್ಲಿ ಇವರ ಮನೆಯ ಚೀಲಗಳೆಲ್ಲ ಪಕ್ಕದ ಮಂಡಿಗೆ ಇಳಿಯುತ್ತವೆ. ಒಂದೇ ಎದೆಯೊಳಗೆ ಎರಡು ಆಸೆ, ಒಂದಕ್ಕೊಂದು ಆಗದವು. ಅದಕ್ಕೇ ಕಾಫಿ.

ಕೊನೆಗೆ ಗೌಡರು ಎದ್ದರು. ಚಪ್ಪಲಿ ಮೆಟ್ಟಿದರು, ಮೂಲೆಯಲ್ಲಿ ನೀರು ಸುರಿಸುತ್ತಿದ್ದ ಕೊಡೆ ತಗೊಂಡರು. "ಬರ್ತೀನಿ ಹಾಗಾದ್ರೆ" ಅಂದರು. ಸಾಹುಕಾರರು "ನೋಡಣ" ಅಂದರು. ಅವರ ಬಾಯಲ್ಲಿ "ನೋಡಣ" ಅಂದರೆ ಇಲ್ಲ ಅಂತಲೇ ಅರ್ಥ, ಆ ಮಾತು ಕೇಳಿದ ಮೇಲೆ ನಾನು ಯಾರ ಖಾತೆಯನ್ನೂ ತೆಗೆಯುತ್ತಿರಲಿಲ್ಲ. ಗೌಡರು ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಕೊಡೆ ಬಿಚ್ಚಿ, ಹಿಂತಿರುಗಿ ನೋಡಿದರು.

"ಅಪ್ಪಯ್ಯನ ಕಾಲದಿಂದ್ಲೂ ನಾವು ಬೇರೆ ಮಂಡಿ ಮೆಟ್ಲು ಹತ್ತಿದ್ದಿಲ್ಲ, ಸಾವ್ಕಾರ್ರೆ."

ಅಷ್ಟೇ. ಅದು ನಿಷ್ಠೆಯ ಮಾತು. ಅದರೊಳಗೇ ಬೆದರಿಕೆಯೂ ಕೂತಿತ್ತು. ಸಾಹುಕಾರರು ಸ್ವಲ್ಪ ಹೊತ್ತು ಬೀದಿಯ ಮಳೆ ನೋಡಿದರು. "ಶನಿವಾರ ಬನ್ನಿ" ಅಂದರು. ಅವರು ಕಣ್ಮರೆಯಾದ ಮೇಲೆ ನನ್ನ ಕಡೆ ತಿರುಗದೆ, "ಅವರ ಖಾತೆ ತೆಗೆದಿಡು" ಅಂದರು.

ಹತ್ತಾರು ವರ್ಷ ಇಂಥ ಮಾತುಗಳ ನಡುವೆ ಕೂತು ಉಂಡವನು ನಾನು. ಕತೆ ಬರೆಯಲು ಕೂತಾಗ ಮಾತ್ರ ಇದೊಂದೂ ನನ್ನ ಕೈಗೆ ಬರುತ್ತಿರಲಿಲ್ಲ. ಇಬ್ಬರು ಅಣ್ಣತಮ್ಮಂದಿರ ಹಿಸ್ಸೆಯ ಕತೆಯೊಂದನ್ನು ಬರೆದಿದ್ದೆ. ಅದರಲ್ಲಿ ತಮ್ಮ ಬೆಂಗಳೂರಿಂದ ಬಂದು ಹೀಗೆ ಹೇಳುತ್ತಿದ್ದ:

"ಅಣ್ಣಯ್ಯ, ಅಪ್ಪಯ್ಯ ತೀರಿಕೊಂಡು ಮೂರು ವರ್ಷವಾಯಿತು. ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ನಾನು ಬೆಂಗಳೂರಿನಲ್ಲಿ ಮನೆ ತೆಗೆದುಕೊಳ್ಳಬೇಕು. ನನ್ನ ಪಾಲು ನನಗೆ ಕೊಡು."

"ಇಷ್ಟು ವರ್ಷ ತೋಟ ನೋಡಿಕೊಂಡವನು ನಾನು. ನೀನು ಊರು ಬಿಟ್ಟು ಹದಿನೈದು ವರ್ಷವಾಯಿತು. ತೋಟ ಒಡೆದರೆ ಇಬ್ಬರಿಗೂ ನಷ್ಟ."

ಇದು ಎರಡು ಪುಟ ಹೀಗೇ ಹೋಗುತ್ತಿತ್ತು. ತೀರ್ಥಹಳ್ಳಿಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರಿಗೆ ಓದಲು ಕೊಟ್ಟೆ. ಅವರು ಆ ಎರಡು ಪುಟಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ವಾಪಸ್ ಕೊಟ್ಟರು. "ಇಬ್ಬರೂ ಕೋರ್ಟಿನಲ್ಲಿ ಹೇಳಿಕೆ ಕೊಟ್ಟ ಹಾಗೆ ಮಾತಾಡ್ತಾರಲ್ಲ ಮಾರಾಯ. ಒಂದೇ ಮನೆಯಲ್ಲಿ ಉಂಡು ಬೆಳೆದವರು ಅಲ್ವಾ ಇವರು?" ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ಇದನ್ನ ಅವರು ಒಬ್ಬರಿಗೊಬ್ಬರು ಹೇಳ್ತಿಲ್ಲ. ನಂಗೆ ಹೇಳ್ತಿದಾರೆ."

ಆ ಮಾತು ಚುಚ್ಚಿತು. ಮೂರು ವರ್ಷವಾದದ್ದು ಅಣ್ಣನಿಗೆ ಗೊತ್ತಿಲ್ಲವೇ? ತಮ್ಮ ಹದಿನೈದು ವರ್ಷದಿಂದ ಊರಲ್ಲಿಲ್ಲ ಅನ್ನುವುದು ತಮ್ಮನಿಗೇ ತಿಳಿಯದ ಸಂಗತಿಯೇ? ಓದುಗನಿಗೆ ವಿಷಯ ಮುಟ್ಟಿಸುವ ಅವಸರದಲ್ಲಿ ನಾನು ಎರಡು ಜೀವಗಳನ್ನು ಡಂಗುರದವರನ್ನಾಗಿ ಮಾಡಿಬಿಟ್ಟಿದ್ದೆ. ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದವರಿಗೆ ಗೊತ್ತು, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಹೇಳುವಾಗ ಬಾಯಿ ಎತ್ತಿನ ಹಲ್ಲು, ಸುಳಿ, ನಡೆ ಅಂತ ಬೇರೆಯದನ್ನೇ ಆಡುತ್ತಿರುತ್ತದೆ. ನಾನು ಆ ಟವೆಲ್ಲನ್ನೇ ಕಿತ್ತೊಗೆದಿದ್ದೆ. ಜಗಳ ಮೊದಲ ಸಾಲಿನಲ್ಲೇ ತೆರೆದುಕೊಂಡು ಅಲ್ಲೇ ಸತ್ತಿತ್ತು.

ಹಾಗಾದರೆ ಸಂಭಾಷಣೆಯಲ್ಲಿ ವಿಷಯ ಹೇಳಲೇಬಾರದೇ? ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು ಅಂತ ತಿಳಿದದ್ದು ಗಮಕ ಕೇಳುವಾಗ.

ಶಿವಮೊಗ್ಗದಿಂದ ಸ್ವಲ್ಪ ದೂರಕ್ಕೆ, ತುಂಗೆಯ ಒಂದು ದಡಕ್ಕೆ ಮತ್ತೂರು, ಇನ್ನೊಂದು ದಡಕ್ಕೆ ಹೊಸಹಳ್ಳಿ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಹೊಸಹಳ್ಳಿ. ಆ ನೆರೆಕರೆಯಲ್ಲಿ ಕುಮಾರವ್ಯಾಸನನ್ನು ಪುಸ್ತಕ ಬಿಚ್ಚುವ ಮೊದಲೇ ಕಿವಿಯಿಂದ ಕಲಿತವರಿದ್ದಾರೆ. ಒಬ್ಬರು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಒಂದು ಸಂಜೆ ಉದ್ಯೋಗಪರ್ವದ ಆ ಭಾಗ ನಡೆದಿತ್ತು. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಹಸ್ತಿನಾವತಿಯಿಂದ ಹೊರಟಿದ್ದಾನೆ. ಬೀಳ್ಕೊಡಲು ಬಂದ ಕರ್ಣನನ್ನು ಮೈದುನತನದ ಸಲಿಗೆಯಿಂದ ಬರಸೆಳೆದು ತನ್ನ ರಥದಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ಸಮನಾಗಿ ಕೂರಲು ಅಂಜುತ್ತೇನೆ ಅನ್ನುತ್ತಾನೆ ಕರ್ಣ. ಕೃಷ್ಣ ತೊಡೆಗೆ ತೊಡೆ ಸೋಕುವಷ್ಟು ಹತ್ತಿರ ಸರಿದು, ನೀನು ಕುಂತಿಯ ಮಗ ಎಂಬ ಸಂಗತಿಯ ಕಡೆಗೆ ಮೆಲ್ಲನೆ ಮಾತು ತಿರುಗಿಸುತ್ತಾನೆ.

ಇದು ಶುದ್ಧ ಮಾಹಿತಿ. ಅಲ್ಲಿ ಕೂತಿದ್ದ ಅಜ್ಜಿಯಿಂದ ಹಿಡಿದು ಶಾಲೆ ಹುಡುಗನ ತನಕ ಎಲ್ಲರಿಗೂ ಮೊದಲೇ ಗೊತ್ತಿರುವ ಮಾಹಿತಿ. ಆದರೂ ಕವಿ ಆ ಪದ್ಯವನ್ನು ಮುಗಿಸುವುದು ಹೇಗೆ ನೋಡಿ: "ಕಿವಿಯೊಳು ಬಿತ್ತಿದನು ಭಯವ." ಹೇಳಿದನು ಅಲ್ಲ, ತಿಳಿಸಿದನು ಅಲ್ಲ. ಬಿತ್ತಿದನು. ಮುಂದೆ ಕರ್ಣನ ಕೊರಳ ಸೆರೆ ಉಬ್ಬಿ ಕಣ್ಣಲ್ಲಿ ನೀರು ಬರುತ್ತದೆ, ಕುರುಪತಿಗೆ ಕೇಡಾಯಿತು ಅಂದುಕೊಳ್ಳುತ್ತಾನೆ, ಮತ್ತು ಕೃಷ್ಣ ಏನು ಮಾಡಿದ ಅನ್ನುವುದನ್ನು ಅವನೇ ಮನಸ್ಸಿನಲ್ಲಿ ಹೆಸರಿಟ್ಟು ಹೇಳಿಕೊಳ್ಳುತ್ತಾನೆ: "ತನ್ನ ವಂಶವನರುಹಿ ಕೊಂದನು." ಅಲ್ಲಿ ನನಗೆ ಮೈ ಜುಂ ಅಂದಿತು. ಒಂದು ನಿಜವನ್ನು ತಿಳಿಸಿಯೇ ಮನುಷ್ಯನನ್ನು ಕೊಲ್ಲಬಹುದು. ಕೃಷ್ಣ ಆಡುವ ಮಾತಿಗೆ ಒಂದು ಕೆಲಸವಿದೆ, ಕೌರವನ ಬಲವನ್ನು ಯುದ್ಧಕ್ಕೆ ಮೊದಲೇ ಒಡೆಯಬೇಕು. ಆ ಕೆಲಸಕ್ಕಾಗಿ ಅವನು ಪ್ರೀತಿಯನ್ನು ಬಳಸುತ್ತಾನೆ, ಸಲಿಗೆಯನ್ನು ಬಳಸುತ್ತಾನೆ, ಸತ್ಯವನ್ನೂ ಬಳಸುತ್ತಾನೆ.

ನನ್ನ ಕತೆಯ ತಮ್ಮ "ಮೂರು ವರ್ಷವಾಯಿತು" ಅಂದಾಗ ಆ ಮಾತು ಅಣ್ಣನಿಗೆ ಏನೂ ಮಾಡುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಗೆಳೆಯನೊಬ್ಬ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತವನು. ಅವನು ನಟರ ಕಡೆಯಿಂದ ಇದನ್ನೇ ಹೇಳುತ್ತಾನೆ. ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿದ್ದು, ಪಾತ್ರಕ್ಕೆ ಈ ಗಳಿಗೆಯಲ್ಲಿ ಎದುರಿನವನಿಂದ ಏನು ಬೇಕು ಅಂತ ಮೊದಲು ಕಂಡುಕೊಳ್ಳಲು. "ಬೇಕು ಅನ್ನೋದು ಗೊತ್ತಾದ್ರೆ ಧ್ವನಿ ತಾನಾಗೇ ಬರ್ತದೆ" ಅನ್ನುತ್ತಾನೆ ನನ್ನ ಗೆಳೆಯ. ಬರೆಯುವವನಿಗೂ ಬೇಕಾದದ್ದು ಇದೇ.

ಇಷ್ಟು ತಿಳಿದ ಮೇಲೆ ಕತೆಯನ್ನು ಎರಡನೇ ಸಲ ಬರೆದೆ. ಈ ಸಲ ಅಣ್ಣತಮ್ಮಂದಿರು ಹಿಸ್ಸೆಯ ಮಾತನ್ನೇ ಎತ್ತಲಿಲ್ಲ. ಮಳೆ, ಕೊಳೆರೋಗ, ಬಸ್ಸು, ಮಗುವಿನ ಜ್ವರ ಅಂತ ಮಾತಾಡಿದರು. ನನಗೆ ಬಹಳ ತೃಪ್ತಿಯಾಗಿತ್ತು. ಮೇಷ್ಟ್ರು ಓದಿ, "ಒಳ್ಳೇ ಮಳೆ" ಅಂದರು. ಅವರಿಗೆ ಒಳಗಿನದು ಯಾವುದೂ ಕಾಣಿಸಿರಲಿಲ್ಲ. ಎಲ್ಲವನ್ನೂ ಮುಚ್ಚಿಟ್ಟು ನಾನು ಓದುಗನನ್ನು ಹೊರಗೇ ನಿಲ್ಲಿಸಿದ್ದೆ.

ಇದಕ್ಕೆ ಉತ್ತರ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಮಾತೊಂದೇ ಬಂಡವಾಳ. ಹೊರಗೆ ಮಾಡಿನಿಂದ ನೀರು ಧಾರೆಯಾಗಿ ಬೀಳುತ್ತಿದ್ದರೂ ಜನ ಎದ್ದು ಹೋಗುವುದಿಲ್ಲ. ಎಷ್ಟೋ ಮಳೆಗಾಲ ಕೂತು ಕೇಳಿದವನಿಗೆ ಒಂದು ಸಣ್ಣ ಸಂಗತಿ ಆ ವರ್ಷ ಹೊಸದಾಗಿ ಕಂಡಿತು. ಭಾಗವತರು ಮೊದಲು ಪದ ಹಾಡುತ್ತಾರೆ. ಪಾತ್ರ ಏನು ಹೇಳಲಿದೆ ಅನ್ನುವುದು ಆ ಪದದಲ್ಲೇ ಇದೆ. ಅದಾದ ಮೇಲೆ ಅರ್ಥಧಾರಿ ಬಾಯಿ ಬಿಡುತ್ತಾನೆ. ಅಂದರೆ ಕೇಳುಗನಿಗೆ ಮಾತಿನ ಗುರಿ ಮೊದಲೇ ಸಿಕ್ಕಿರುತ್ತದೆ. ಇನ್ನು ಅವನು ಕಾಯುವುದು, ಆ ಗುರಿಗೆ ಈತ ಯಾವ ದಾರಿಯಲ್ಲಿ ಹೋಗುತ್ತಾನೆ, ಎದುರಿನವನು ಎಲ್ಲಿ ಅಡ್ಡ ಹಾಕುತ್ತಾನೆ ಅನ್ನುವುದನ್ನು. ವಾಲಿಮೋಕ್ಷದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ವಾಲಿ ಸಾಯುತ್ತಾನೆ ಅನ್ನುವುದು ಜಗಲಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ರಾಮ ಇವತ್ತು ಏನು ಹೇಳುತ್ತಾನೋ ಅಂತ ಉಸಿರು ಹಿಡಿದು ಕೂತಿರುತ್ತಾರೆ.

ಮಂಡಿಯಲ್ಲಿ ನನ್ನ ಬೆನ್ನು ಬಿಗಿಯಾದದ್ದೂ ಹೀಗೆಯೇ. ಆಗಸ್ಟ್ ತಿಂಗಳು ಅಂದರೇನು ಅಂತ ನನಗೆ ಗೊತ್ತಿತ್ತು. ಅದು ಗೊತ್ತಿಲ್ಲದೆ ಹೊರಗಿನವರೊಬ್ಬರು ಅಲ್ಲಿ ಕೂತಿದ್ದರೆ ಅವರಿಗೆ ಇಬ್ಬರು ಹಿರಿಯರು ಕಾಫಿ ಕುಡಿದದ್ದಷ್ಟೇ ಕಾಣುತ್ತಿತ್ತು. ಪಾತ್ರಕ್ಕೆ ಏನು ಬೇಕು ಅನ್ನುವುದು ಓದುಗನಿಗೆ ತಿಳಿದಿರಲಿ, ಪಾತ್ರ ಮಾತ್ರ ಅದನ್ನು ಬಾಯಿಬಿಟ್ಟು ಹೇಳದಿರಲಿ. ನಾನು ಮೊದಲ ಸಲ ಪಾತ್ರಗಳಿಂದ ಹೇಳಿಸಿ ಕೆಡಿಸಿದೆ, ಎರಡನೇ ಸಲ ಓದುಗನಿಂದ ಮುಚ್ಚಿಟ್ಟು ಕೆಡಿಸಿದೆ.

ಮೂರನೇ ಸಲ ಭಾಗವತರ ಪದದ ಹಾಗೆ ಕತೆಯ ಮೊದಲ ಪುಟದಲ್ಲೇ ಬರೆದುಬಿಟ್ಟೆ: ತಮ್ಮ ಹಿಸ್ಸೆ ಕೇಳಲು ಬಂದಿದ್ದಾನೆ, ಅಣ್ಣನಿಗೆ ಖಾತೆ ಬದಲಾವಣೆಗೆ ತಮ್ಮನ ಸಹಿ ಬೇಕು, ಇಬ್ಬರಿಗೂ ಇನ್ನೊಬ್ಬನ ಆಸೆ ಗೊತ್ತು. ಆಮೇಲೆ ಅವರನ್ನು ತೋಟದ ತಲೆಯಲ್ಲಿ ಕೊಳೆರೋಗದ ಔಷಧಿ ಬೋರ್ಡೋ ಕಲೆಸುವ ಡ್ರಮ್ಮಿನ ಎದುರು ನಿಲ್ಲಿಸಿದೆ. ಕೈಗೆ ಒಂದು ಕೆಲಸ ಇರಬೇಕು. ಬಾಯಿಗೆ ಮಾತು ಸಿಗದಾಗ ಮನುಷ್ಯನ ಕೈ ಏನೋ ಹುಡುಕುತ್ತದೆ. ನಮ್ಮ ಕಡೆಯ ಅಳತೆ ಎಲ್ಲರಿಗೂ ಬಾಯಿಪಾಠ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತ ಬೇರೆ, ಸುಣ್ಣ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು. ಹದ ನೋಡಲು ತಿಕ್ಕಿದ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ.

"ಎಷ್ಟನೇ ಸಲ ಇದು?"

"ಎರಡನೇದು."

"ಅಪ್ಪಯ್ಯ ಇದ್ದಾಗ ಮೂರು ಹೊಡೆಸ್ತಿದ್ರು."

"ಅಪ್ಪಯ್ಯ ಇದ್ದಾಗ ಮರ ಹತ್ತೋರು ಇದ್ರು."

"ಈಗ ಫೈಬರ್ ದೋಟಿ ಬಂದಿದೆಯಲ್ಲ. ಸಬ್ಸಿಡೀಲಿ ಸಿಗ್ತದಂತೆ."

ಅಣ್ಣ ಕತ್ತಿ ಅದ್ದಿ ತೆಗೆದ. ಬೆಳಕಿಗೆ ಹಿಡಿದ.

"ಸಿಗ್ತದೆ. ಪಹಣಿ ಯಾರ ಹೆಸರಲ್ಲಿದೆ ಅಂತ ನೋಡ್ತಾರೆ ಮೊದ್ಲು."

ಅತ್ತಿಗೆ ಕಾಫಿ ತಂದಳು. "ರಾತ್ರಿ ಬಸ್ಸಿಗೇ ಹೊರಟ್ಯನಾ? ಇದ್ದು ಹೋಗು ಎರಡು ದಿನ. ನಿನ್ನ ಮನೆನೇ ಅಲ್ವಾ ಇದು."

ತಮ್ಮ ಅಣ್ಣನ ಮುಖ ನೋಡಿದ. "ನೀವು ಹೇಳಿ ಅಣ್ಣಯ್ಯ. ಇದ್ದು ಹೋಗ್ಲಾ?"

"ಸುಣ್ಣ ಕಮ್ಮಿ ಆಯ್ತು" ಅಂದ ಅಣ್ಣ, ಅಲಗು ನೋಡುತ್ತ.

ಅತ್ತಿಗೆಯ ಮಾತನ್ನು ಬರೆಯುವುದಕ್ಕೆ ನನಗೆ ಎರಡು ವಾರ ಹಿಡಿಯಿತು. "ನಿನ್ನ ಮನೆನೇ ಅಲ್ವಾ" ಅನ್ನುವುದು ಪ್ರೀತಿಯ ಕರೆ ಹೌದು. ಹಿಸ್ಸೆ ಕೇಳಬೇಡ ಅನ್ನುವುದೂ ಅದರಲ್ಲೇ ಇದೆ. ಅವಳಿಗೆ ಎರಡೂ ನಿಜವೇ. ಅವಳನ್ನು ಕಪಟಿ ಮಾಡಿದ್ದರೆ ಮಾತು ಸುಲಭವಾಗುತ್ತಿತ್ತು, ಕತೆ ಕೆಡುತ್ತಿತ್ತು.

ಇನ್ನು ಆ "ನೀವು." ಹುಟ್ಟಿದಾಗಿಂದ "ನೀನು" ಅಂದ ತಮ್ಮ ಇದ್ದಕ್ಕಿದ್ದಂತೆ ಅಣ್ಣನಿಗೆ ಬಹುವಚನ ಹಚ್ಚಿದ. ಕನ್ನಡ ನಮ್ಮ ಕೈಗೆ ಕೊಟ್ಟಿರುವ ಈ ಸೌಲಭ್ಯವನ್ನು ನಾವು ಬರೆಯುವವರು ಎಷ್ಟು ಕಮ್ಮಿ ಬಳಸುತ್ತೇವೆ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ. "ಅವನಿಗೆ ಕೋಪ ಬಂತು", "ಅವರಿಬ್ಬರ ನಡುವೆ ಅಂತರ ಬೆಳೆಯಿತು" ಅಂತ ಪ್ಯಾರಾಗಟ್ಟಲೆ ಬರೆಯುವ ಕಡೆ ನೀನು ಹೋಗಿ ನೀವು ಆದರೆ ಸಾಕು. ಜಗಳವಾಡಿ ಮಾತು ಬಿಟ್ಟ ಗಂಡಹೆಂಡತಿ ಮಕ್ಕಳ ಮೂಲಕ "ಊಟಕ್ಕೆ ಬರಬೇಕಂತೆ" ಅನ್ನುತ್ತಾರಲ್ಲ, ಆ "ಅಂತೆ"ಯಲ್ಲಿ ಒಂದು ಇಡೀ ವಾರದ ಮೌನ ಇರುತ್ತದೆ. ಯಜಮಾನ ಆಳಿಗೆ "ಬಾರಪ್ಪ" ಅನ್ನುವುದು ಬೇರೆ, ಕೂಲಿ ಜಾಸ್ತಿ ಕೇಳಿದ ದಿನ "ಬರಬೇಕು, ಬರಬೇಕು" ಅನ್ನುವುದು ಬೇರೆ. ಮಾತಿನ ಅರ್ಥ ಒಂದೇ, ಅದು ಮಾಡುವ ಗಾಯ ಒಂದೇ ಅಲ್ಲ. ನಾಮಪದ ಕ್ರಿಯಾಪದಗಳಿಗಿಂತ ಈ ಪ್ರತ್ಯಯಗಳನ್ನೇ ನಾನೀಗ ಹೆಚ್ಚು ಹೊತ್ತು ನೋಡುತ್ತೇನೆ.

ಇನ್ನೊಂದು ವಿಷಯ. ನಮ್ಮ ಜನ ಮುಖ್ಯವಾದ ಮಾತನ್ನು ಜಗಲಿಯಲ್ಲಿ ಕೂತು ಆಡುವುದಿಲ್ಲ. ಬರ್ತೀನಿ ಅಂತ ಎದ್ದು, ಅಂಗಳ ದಾಟಿ, ದಾರಿಗೆ ಅಡ್ಡ ಗಳು ಹಾಕಿದ ಉಣುಗೋಲಿನ ತನಕ ಕಳಿಸಲು ಬಂದವರ ಜೊತೆ ನಿಂತಾಗ ಆಡುತ್ತಾರೆ. ಒಂದು ಗಳು ಸರಿಸಿ, ಇನ್ನೊಂದರ ಮೇಲೆ ಕೈಯಿಟ್ಟು, "ಅದೇ... ಒಂದು ಮಾತು" ಅಂತ. ಗಂಡು ನೋಡಲು ಹೋದವರು, ಸಾಲ ಕೇಳಲು ಹೋದವರು, ಕಾಯಿಲೆಯ ಸುದ್ದಿ ತಂದವರು, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಇನ್ನು ಹೊತ್ತಿಲ್ಲ ಅನ್ನುವುದೇ ಅವರ ಬಾಯಿ ಬಿಡಿಸುತ್ತದೆ. ಮಂಡಿಯ ಗೌಡರೂ ಹೊಸ್ತಿಲು ದಾಟಿದ ಮೇಲೇ ಆಡಿದ್ದು. ಬಸ್ಸಿನ ಹೊತ್ತು, ಕತ್ತಲಾಗುವುದು, ಮಳೆ ಹನಿಯುವುದು ಇವೆಲ್ಲ ವರ್ಣನೆಗೆ ಅಂತ ನಾನು ಇಟ್ಟುಕೊಂಡಿದ್ದೆ. ಈಗ ಅವನ್ನು ಮಾತಿನ ಕುತ್ತಿಗೆಗೆ ಕಟ್ಟುತ್ತೇನೆ.

ಹಾಗಾಗಿ ಕತೆಯ ಕೊನೆಯ ದೃಶ್ಯವನ್ನು ಉಣುಗೋಲಿಗೆ ಒಯ್ದೆ. ತಮ್ಮ ಬ್ಯಾಗು ಹೆಗಲಿಗೆ ಹಾಕಿದ್ದಾನೆ. ಅಣ್ಣ ಟಾರ್ಚ್ ಹಿಡಿದು ಹಿಂದೆ ಬಂದಿದ್ದಾನೆ. ಮೇಲಿನ ರಸ್ತೆಯಲ್ಲಿ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದ್ದು ಕೇಳುತ್ತದೆ. ಅಣ್ಣ ಗಳು ಸರಿಸುತ್ತಾನೆ.

"ಅಪ್ಪಯ್ಯನ ತಿಥಿಗೆ ಬರ್ತೀಯಲ್ಲ?"

"ನೋಡಣ."

ಅಲ್ಲಿಗೆ ನಿಲ್ಲಿಸಿದೆ. ಮೇಷ್ಟ್ರಿಗೆ ಕೊಡುವ ಮೊದಲು ಒಂದು ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಅವರು ಕತೆಗಿತೆ ಓದುವವರಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ಅಡಿಕೆ ಹೋಳು ಮಾಡುತ್ತ ಕೇಳಿದರು. ಪಹಣಿಯ ಮಾತು ಬಂದಾಗ ಅವರ ಅಡಕತ್ತರಿ ನಿಂತದ್ದು ನನ್ನ ಕಿವಿಗೆ ಬಿತ್ತು. ಓದು ಮುಗಿಯಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಸಹಿ ಹಾಕ್ದೇ ಹೋದ್ನಾ ಹಾಗಾದ್ರೆ?" ಅಂದರು.